ನಂಬರ್ ಪ್ಲೇಟಿನಲ್ಲಿ ಅಡಗಿ ಕೂತ ಚಿಂಪಾಂಜಿ

ಪುಣೆಯ ಸ್ವಾರಗೇಟಿನಿಂದ ಕಾತ್ರಜ್ ಕಡೆ ಹೋಗುವ ರಸ್ತೆಯಲ್ಲಿ ಸಂಜೆ ಸಿಕ್ಕಿಹಾಕಿಕೊಂಡರೆ ಮಾಡಲು ಹೆಚ್ಚಿನ ಕೆಲಸ ಇರುವುದಿಲ್ಲ. ಮುಂದಿನ ಗಾಡಿಯ ನಂಬರ್ ಪ್ಲೇಟು ನೋಡುತ್ತ ಕೂರಬೇಕು, ಅಷ್ಟೇ. ಎಂಟನೇ ಇಯತ್ತೆ ಓದುವ ನನ್ನ ಅಣ್ಣನ ಮಗಳು ಅನಘಾ ಅದನ್ನೇ ಒಂದು ಆಟ ಮಾಡಿದ್ದಾಳೆ.

ಪ್ಲೇಟಿನಲ್ಲಿರುವ ಅಂಕಿಗಳನ್ನು ಬಿಟ್ಟುಬಿಡಬೇಕು. ಅಕ್ಷರ ಮಾತ್ರ ಲೆಕ್ಕ. ಪುಣೆಯ ಗಾಡಿ ಅಂದಮೇಲೆ ಎಂ, ಎಚ್ ಇದ್ದೇ ಇರುತ್ತವೆ. 12 ಆದ ಮೇಲೆ ಇನ್ನೆರಡು ಅಕ್ಷರ ಬರುತ್ತವೆ. ಈ ನಾಲ್ಕೂ ಇರುವ ಇಂಗ್ಲಿಷ್ ಶಬ್ದ ಹೇಳಬೇಕು. ಅಕ್ಷರಗಳು ಹಿಂದೆ ಮುಂದೆ ಆದರೂ ಪರವಾಗಿಲ್ಲ, ನಡುವೆ ಬೇರೆಯವು ಎಷ್ಟು ಬಂದರೂ ಸರಿ. ಉದ್ದದ ಶಬ್ದ ಯಾರದೋ ಅವರು ಗೆದ್ದರು. ಊರಿನ ಹೆಸರು, ಮನುಷ್ಯರ ಹೆಸರು ನಡೆಯುವುದಿಲ್ಲ.

ಒಂದಿನ ಸಿ, ಝೆಡ್ ಬಂತು. ನಾನು ಎಂದಿನಂತೆ ಎಂ ಹಿಡಿದು ಹೊರಟೆ. ಮ್ಯಾಚ್, ಮಷೀನ್... ಮೂರು ಅಕ್ಷರ ಸಿಗುತ್ತವೆ, ಝೆಡ್ ಮಾತ್ರ ಬರವಲ್ಲದು. ಅನಘಾ ಒಮ್ಮೆಲೇ "ಮಂಗ್ಯಾ!" ಅಂದಳು. ನನಗೇ ಅಂದಳೇನೋ ಅಂದುಕೊಂಡೆ. "ನಿನಗಲ್ಲೋ ಕಾಕಾ, ಚಿಂಪಾಂಜಿ! ಎಣಿಸಿ ನೋಡು, ಹತ್ತು ಅಕ್ಷರ."

ಅವಳು ಗೆದ್ದದ್ದು ಯಾಕೆ ಅಂದರೆ, ಅವಳು ಝೆಡ್‌ನಿಂದ ಹುಡುಕಿದ್ದಳು. ಆಕ್ಸ್‌ಫರ್ಡಿನ ಕನ್ಸೈಸ್ ಡಿಕ್ಷನರಿಯ ಶಬ್ದಗಳನ್ನೆಲ್ಲ ಬಿಡಿಸಿ ಅಕ್ಷರ ಎಣಿಸಿದ ಒಂದು ಲೆಕ್ಕವಿದೆ. ಅದರಲ್ಲಿ ಇ ಶೇಕಡಾ 11ರಷ್ಟು, ಕ್ಯೂ ಶೇಕಡಾ 0.2. ಒಂದು ಕ್ಯೂ ಕಾಣುವಷ್ಟರಲ್ಲಿ 56 ಇ ಎದುರಾಗುತ್ತವೆ. ಝೆಡ್, ಜೆ, ಎಕ್ಸ್ ಕೂಡ ಕ್ಯೂನ ಆಸುಪಾಸಿನವೇ. ಎಂ ಇರುವ ಶಬ್ದಗಳ ರಾಶಿಯಲ್ಲಿ ಝೆಡ್ ಹುಡುಕುವುದಕ್ಕಿಂತ, ಝೆಡ್ ಇರುವ ಸಣ್ಣ ಗುಂಪಿನಲ್ಲಿ ಎಂ ಹುಡುಕುವುದು ಸುಲಭ, ಅಲ್ವಾ? ಇಂಟರ್ನೆಟ್ ಸರ್ಚ್ ಎಂಜಿನ್ನುಗಳೂ ನಾಲ್ಕು ಪದ ಕೊಟ್ಟರೆ, ಯಾವ ಪದ ಕಡಿಮೆ ಪುಟಗಳಲ್ಲಿದೆಯೋ ಅದರ ಪಟ್ಟಿಯಿಂದಲೇ ಶುರು ಮಾಡುವುದು ರೂಢಿ.

ಎಚ್ ಮಾತ್ರ ಸ್ವಲ್ಪ ಮೋಸಗಾರ. ಇಂಗ್ಲಿಷ್ ಪುಸ್ತಕ ತೆರೆದು ಎಣಿಸಿದರೆ ನೂರಕ್ಕೆ ಸುಮಾರು ಆರು ಅಕ್ಷರ ಎಚ್. ಡಿಕ್ಷನರಿಯಲ್ಲಿ ಎಣಿಸಿದರೆ ಬರೀ ಮೂರು. ದಿ, ದಿಸ್, ದಟ್, ಹಿ, ಶಿ ಇಂಥ ನಾಲ್ಕಾರು ಚಿಲ್ಲರೆ ಶಬ್ದಗಳೇ ಸಾಲು ಸಾಲಿಗೂ ಬಂದು ಎಚ್‌ನ ಲೆಕ್ಕ ಉಬ್ಬಿಸುತ್ತವೆ. ನಮ್ಮ ಆಟಕ್ಕೆ ಆ ಚಿಲ್ಲರೆ ಉಪಯೋಗಕ್ಕೆ ಬಾರದು.

ಉದ್ದ ಮಾಡುವ ಉಪಾಯ ಬೇರೆಯೇ ಇದೆ. ಅದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು 'ಬಾ' ಅನ್ನೋದನ್ನು ಎಳೆದು 'ಬರಬೇಕಾಗಿತ್ತಂತಲ್ಲ' ಅನ್ನುವ ಮಂದಿ. ಇಂಗ್ಲಿಷಿನಲ್ಲೂ ಹಾಗೇ ಡಬ್ಬಿ ಜೋಡಿಸುತ್ತ ಹೋಗಬಹುದು. ಎಂ, ಎಚ್ ಜೊತೆ ಜಿ, ಡಬ್ಲ್ಯೂ ಬಂದರೆ 'ಓವರ್‌ವೆಲ್ಮ್' ಹಿಡಿಯಿರಿ, ಹಿಂದೆ 'ಇಂಗ್', ಅದರ ಹಿಂದೆ 'ಲಿ' ಸೇರಿಸಿ. 14 ಅಕ್ಷರದ ಗಾಡಿ ತಯಾರು. ಕ್ಯೂ, ಎನ್ ಬಂದ ದಿನ ನಾನು ಇದೇ ರೀತಿ ಗೆದ್ದೆ. ಗಟಾರದ ವಾಸನೆಗೆ ಮುಖ ಕಿವುಚಿದ ಅವಳನ್ನು ನೋಡಿ 'ಸ್ಕ್ವೀಮಿಶ್' ಹೊಳೆಯಿತು. ಎನ್ ಇರಲಿಲ್ಲ. 'ನೆಸ್' ಡಬ್ಬಿ ಸೇರಿಸಿದೆ. 13 ಅಕ್ಷರ. ಅಪರೂಪದ ಅಕ್ಷರ ಸಾಮಾನ್ಯವಾಗಿ ಎಂಜಿನ್ನಿನಲ್ಲಿ ಇರುತ್ತದೆ. ಹಿಂದಿನ ಡಬ್ಬಿಗಳಲ್ಲಿ ಅವೇ ಇ, ಐ, ಎನ್, ಎಸ್, ಟಿ ತುಂಬಿರುತ್ತವೆ.

ಹಾಗಂತ ಉದ್ದ ಇದ್ದದ್ದೆಲ್ಲ ಉಪಯೋಗಕ್ಕೆ ಬರುತ್ತದೆ ಅಂತಲ್ಲ. ದೊಡ್ಡ ಇಂಗ್ಲಿಷ್ ಡಿಕ್ಷನರಿಗಳಲ್ಲಿರುವ ಅತಿ ಉದ್ದದ ಶಬ್ದ ಅಂತ ತೋರಿಸುವುದು 'ನ್ಯುಮೊನೊಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೆನೋಕೋನಿಯೋಸಿಸ್'. ಸೂಕ್ಷ್ಮ ದೂಳು ಎಳೆದುಕೊಂಡು ಬರುವ ಶ್ವಾಸಕೋಶದ ಕಾಯಿಲೆಯ ಹೆಸರು, 45 ಅಕ್ಷರ. ಆದರೆ ಯಾವ ಡಾಕ್ಟರೂ ಇದನ್ನು ಹುಟ್ಟಿಸಲಿಲ್ಲ. ಅಮೆರಿಕದ ಪದಬಂಧ ಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ 1935ರಲ್ಲಿ ಉದ್ದಕ್ಕೋಸ್ಕರವೇ ಕಟ್ಟಿದ್ದು. ಒಂದೊಂದೇ ಅಕ್ಷರ ಬಿಡಿಸಿ ನೋಡಿದೆ. 45ರಲ್ಲಿ ಬೇರೆ ಬೇರೆ ಅಕ್ಷರ ಇರುವುದು 14 ಮಾತ್ರ! ಮಿಕ್ಕಿದ್ದೆಲ್ಲ ಬಂದವೇ ಬಂದದ್ದು. ಮೇಲಾಗಿ ಎಚ್ ಇಲ್ಲವೇ ಇಲ್ಲ. ಪುಣೆಯ ಒಂದು ಗಾಡಿಗೂ ಇದು ಹೊಂದುವುದಿಲ್ಲ.

ಇದಕ್ಕೆ ವಿರುದ್ಧ 'ಡರ್ಮಟೋಗ್ಲಿಫಿಕ್ಸ್'. ಬೆರಳು, ಅಂಗೈ ಮೇಲಿನ ಗೆರೆಗಳ ಶಾಸ್ತ್ರ ಅದು. ಹೆರಾಲ್ಡ್ ಕಮಿನ್ಸ್ ಎಂಬ ಅಂಗರಚನಾ ತಜ್ಞರು 1926ರಲ್ಲಿ ಚಲಾವಣೆಗೆ ತಂದ ಹೆಸರು. ಡಿ, ಇ, ಆರ್, ಎಂ, ಎ, ಟಿ, ಓ, ಜಿ, ಎಲ್, ವೈ, ಪಿ, ಎಚ್, ಐ, ಸಿ, ಎಸ್. 15 ಅಕ್ಷರ, ಹದಿನೈದೂ ಬೇರೆ ಬೇರೆ. ಎಂ, ಎಚ್ ಎರಡೂ ಇವೆ! ಪ್ಲೇಟಿನ ಸರಣಿಯಲ್ಲಿ, ಅಂದರೆ 12 ಆದ ಮೇಲಿನ ಆ ಎರಡು ಅಕ್ಷರದಲ್ಲಿ, ಐ, ಓ ಬಳಸುವುದಿಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗುತ್ತದೆಂದು. ಉಳಿದ 24 ಅಕ್ಷರದಲ್ಲಿ 576 ಜೋಡಿ ಆಗುತ್ತವೆ. ಅವುಗಳಲ್ಲಿ 110 ಜೋಡಿಗೆ ಈ ಒಂದೇ ಶಬ್ದ ಸಾಕು. ಹೆಚ್ಚು ಕಡಿಮೆ ಐದು ಸರಣಿಗೊಂದು. ಒಂದು ವಾರ ನಾನೇ ಗೆದ್ದೆ. ಆಮೇಲೆ ಅನಘಾ ಆ ಶಬ್ದವನ್ನೇ ಬ್ಯಾನ್ ಮಾಡಿದಳು.

ಸಿಟ್ಟಿಗೆ ಒಂದು ರಾತ್ರಿ ಕಂಪ್ಯೂಟರ್ ಮುಂದೆ ಕೂತೆ. ಯುನಿಕ್ಸ್ ಮಾದರಿಯ ಕೆಲವು ಕಂಪ್ಯೂಟರುಗಳಲ್ಲಿ ಒಂದು ಶಬ್ದಪಟ್ಟಿ ಇರುತ್ತದೆ. 1934ರ ವೆಬ್‌ಸ್ಟರ್ ಡಿಕ್ಷನರಿಯಿಂದ ತೆಗೆದ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಜಾಸ್ತಿ ಶಬ್ದ. ಕಂಪ್ಯೂಟರಿಗೆ ಝೆಡ್ ಅಪರೂಪ ಅನ್ನುವುದೂ ಗೊತ್ತಿಲ್ಲ, ಮಂಗ್ಯಾನೂ ಗೊತ್ತಿಲ್ಲ. ಅದಕ್ಕೆ ಪ್ರತಿ ಶಬ್ದವೂ 26 ಸ್ವಿಚ್‌ಗಳ ಒಂದು ಬೋರ್ಡು ಇದ್ದಂತೆ. ಅಕ್ಷರ ಇದ್ದರೆ ಆನ್, ಇಲ್ಲದಿದ್ದರೆ ಆಫ್. ಎ ಸ್ವಿಚ್ಚಿನ ಬೆಲೆ 1, ಬಿ 2, ಸಿ 4, ಹೀಗೆ ದುಪ್ಪಟ್ಟಾಗುತ್ತ ಹೋದರೆ ಎಚ್ 128, ಎಂ 4096. ಎರಡೂ ಕೂಡಿಸಿದರೆ 4224. ಮಹಾರಾಷ್ಟ್ರದ ಗಾಡಿಗಳೆಲ್ಲ ಕಂಪ್ಯೂಟರಿಗೆ 4224ರ ಗಾಡಿಗಳು. ಪ್ಲೇಟಿನ ಬೋರ್ಡನ್ನು ಶಬ್ದದ ಬೋರ್ಡಿನ ಮೇಲೆ ಇಟ್ಟು, ಬೇಕಾದ ಸ್ವಿಚ್‌ಗಳೆಲ್ಲ ಆನ್ ಇವೆಯೇ ಅಂತ ಒಂದೇ ಏಟಿಗೆ ನೋಡಿಬಿಡುತ್ತದೆ. ಪಟ್ಟಿ ಪೂರ್ತಿ ಮುಗಿಯಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಬಂದ ಶಬ್ದಗಳಲ್ಲಿ ಅರ್ಧಕ್ಕರ್ಧ ನಾನು ಕಂಡು ಕೇಳಿದ್ದಲ್ಲ. ಅಂಥ ಶಬ್ದದಿಂದ ಗೆದ್ದರೆ ಏನು ಮಜಾ?

ಈ ಬೋರ್ಡಿಗೂ ಒಂದು ಕಡೆ ಪೆಟ್ಟು ಬೀಳುತ್ತದೆ. ಸರಣಿ ಎಂ, ಎಂ ಬಂತು ಅನ್ನಿ. ಆಗ ಮೂರು ಎಂ ಬೇಕು, ಒಂದು ಎಚ್. ಸ್ವಿಚ್ಚು ಆನ್ ಇದೆಯೋ ಇಲ್ಲವೋ ಹೇಳುತ್ತದೆ, ಎಷ್ಟು ಸಲ ಅಂತ ಹೇಳುವುದಿಲ್ಲ. ಅದಕ್ಕೆ ಶಾಲೆಯ ಗಣಿತ ಬೇಕು. ಒಂದೊಂದು ಅಕ್ಷರಕ್ಕೆ ಒಂದೊಂದು ಅವಿಭಾಜ್ಯ ಸಂಖ್ಯೆ ಕೊಡಿ. ಎ 2, ಬಿ 3, ಸಿ 5... ಎಚ್‌ಗೆ 19, ಎಂಗೆ 41 ಬರುತ್ತದೆ. ಮೂರು 41, ಒಂದು 19 ಗುಣಿಸಿದರೆ 13,09,499. ಶಬ್ದದ ಅಕ್ಷರಗಳನ್ನೂ ಹೀಗೇ ಗುಣಿಸಿ, ಈ ಸಂಖ್ಯೆಯಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಆ ಶಬ್ದದಲ್ಲಿ ಮೂರು ಎಂ ಇದ್ದೇ ಇವೆ. ಯಾವುದೇ ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಲು ಒಂದೇ ದಾರಿ ಇರುವುದರಿಂದ ಇದು ತಪ್ಪುವುದಿಲ್ಲ. ಉತ್ತರ 'ಮ್ಯಾಮತ್', ಅಳಿದುಹೋದ ಆ ಕೂದಲಿನ ಆನೆ. ಅದನ್ನು ಅನಘಾ ಯಾವ ಗುಣಾಕಾರವೂ ಇಲ್ಲದೆ ಹೇಳಿದ್ದಳು ಅನ್ನುವುದು ಬೇರೆ ಮಾತು.

ದೀಪಾವಳಿಗೆ ಧಾರವಾಡಕ್ಕೆ ಹೊರಟೆವು. ಕೊಗನೋಳಿ ಟೋಲ್ ದಾಟಿದ ಮೇಲೆ ಕೆಎ ಗಾಡಿಗಳು ಜಾಸ್ತಿ ಆದವು. "ಈಗ ಕೆಎ ಆಡೂಣು" ಅಂದಳು. ಮೊದಲು ಎನ್, ಆರ್ ಬಂತು. ಇಬ್ಬರ ಬಾಯಲ್ಲೂ ಒಟ್ಟಿಗೆ ಬಂದದ್ದು ಕಾಂಗರೂ.

ಇಬ್ಬರೂ ಕೆಯಿಂದ ಶುರುವಾಗುವ ಶಬ್ದಕ್ಕೇ ಹೋಗಿದ್ದೆವು. 1973ರಲ್ಲಿ ಅಮೋಸ್ ಟ್ವರ್ಸ್ಕಿ ಮತ್ತು ಡ್ಯಾನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪ್ರಕಟಿಸಿದ್ದರು. ಕೆ ಮೊದಲ ಸ್ಥಾನದಲ್ಲಿ ಜಾಸ್ತಿ ಬರುತ್ತದೋ, ಮೂರನೇ ಸ್ಥಾನದಲ್ಲೋ? ಹೀಗೆ ಐದು ಅಕ್ಷರಗಳ ಬಗ್ಗೆ 152 ಜನರನ್ನು ಕೇಳಿದರು. 105 ಜನ ಹೆಚ್ಚಿನ ಅಕ್ಷರಗಳಿಗೆ 'ಮೊದಲು' ಅಂದರು. ನಿಜಕ್ಕೂ ಐದೂ ಅಕ್ಷರ ಮೂರನೇ ಸ್ಥಾನದಲ್ಲೇ ಜಾಸ್ತಿ. ಸಾಮಾನ್ಯ ಬರಹದಲ್ಲಿ ಮೂರನೇ ಸ್ಥಾನದ ಕೆ ಸುಮಾರು ಎರಡು ಪಟ್ಟು. ಲೈಕ್, ಮೇಕ್, ಟೇಕ್, ಕೇಕ್, ಬೈಕ್ ನೋಡಿ. ನಮ್ಮ ತಲೆ ಶಬ್ದಗಳನ್ನು ಮೊದಲಕ್ಷರದ ಗೂಟಕ್ಕೆ ಕಟ್ಟಿ ಇಟ್ಟಿರುತ್ತದೆ. ಆ ಗೂಟದಿಂದ ಎಳೆದರೆ ಬೇಗ ಬರುತ್ತವೆ. ಬೇಗ ಬಂದದ್ದೇ ಜಾಸ್ತಿ ಇದೆ ಅನ್ನಿಸುತ್ತದೆ. ಹೊಟ್ಟೆಯೊಳಗೆ ಕೆ ಇಟ್ಟುಕೊಂಡವು ಎಷ್ಟೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಹೇಳಿದೆ. ಅವಳು ಸುಮ್ನೆ ಕಿಟಕಿ ಕಡೆ ನೋಡುತ್ತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಬೆಳಗಾವಿ ದಾಟಿದ ಮೇಲೆ ಬಿ, ಜಿ ಬಂತು.

"ಬ್ಯಾಕ್‌ಗ್ರೌಂಡ್! ಕೆ ನಡುವ ಐತಿ. ಹತ್ತು."

ನಾನು ಏಳು ತಾಸಿನಿಂದ ಒಂದೇ ಸೀಟಿನಲ್ಲಿ ಕೂತಿದ್ದೆ. ಸೊಂಟ ಹಿಡಿದುಕೊಂಡು ಸ್ವಲ್ಪ ಹೊರಳಿದೆ, ಶಬ್ದ ತಾನಾಗೇ ಬಂತು.

"ಬ್ಯಾಕ್‌ಬ್ರೇಕಿಂಗ್. ಹನ್ನೆರಡು."