ಗೇಜು ಮುಟ್ಟದ ನಾಲ್ಕೂಕಾಲು ಅಡಿ

ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿರುವ ಶೆವ್ರಾನ್ ತೈಲ ಸಂಸ್ಕರಣಾಗಾರದಲ್ಲಿ 2012ರ ಆಗಸ್ಟ್ 6ರಂದು ಎಂಟು ಅಂಗುಲ ವ್ಯಾಸದ ಕೊಳವೆಯೊಂದು ಸೋರತೊಡಗಿತು. ಘಟಕವನ್ನು ನಿಲ್ಲಿಸದೆ ತೂತು ಹುಡುಕುತ್ತಿದ್ದಾಗಲೇ ಕೊಳವೆ ಸೀಳಿತು. ಬಿಸಿ ಎಣ್ಣೆಯ ಆವಿ ದಟ್ಟವಾಗಿ ಹಬ್ಬಿ ಅಲ್ಲಿದ್ದ 19 ಸಿಬ್ಬಂದಿಯನ್ನು ಮುಚ್ಚಿಕೊಂಡಿತು. ಬೆಂಕಿ ಹೊತ್ತಿಕೊಂಡರೂ ಎಲ್ಲರೂ ಬದುಕಿ ಹೊರಬಂದರು. ಆದರೆ ಮುಂದಿನ ವಾರಗಳಲ್ಲಿ ಸುತ್ತಮುತ್ತಲಿನ ಸುಮಾರು 15,000 ಜನ ಚಿಕಿತ್ಸೆಗಾಗಿ ಆಸ್ಪತ್ರೆಗಳಿಗೆ ಹೋದರು.

ಆ ಕೊಳವೆ ಸಾಲಿನ ತಪಾಸಣೆ ನಡೆಯುತ್ತಲೇ ಇತ್ತು. ಗುರುತು ಹಾಕಿದ ಜಾಗಗಳಲ್ಲಿ ಗೇಜು ಎಂಬ ಮಾಪಕ ತಾಗಿಸಿ ಕೊಳವೆಯ ಗೋಡೆಯ ದಪ್ಪವನ್ನು ಅಳೆಯುತ್ತಿದ್ದರು. ಸೀಳಿದ ಸುಮಾರು ನಾಲ್ಕೂಕಾಲು ಅಡಿಯ ತುಂಡಿನ ಮೇಲೆ ಮಾತ್ರ ಅಂಥ ಗುರುತು ಒಂದೂ ಇರಲಿಲ್ಲ.

ಕಚ್ಚಾ ತೈಲದಲ್ಲಿರುವ ಗಂಧಕ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣವನ್ನು ತಿನ್ನತೊಡಗುತ್ತದೆ. ಕೊಳವೆ ಹೊರಗೆ ಗಟ್ಟಿಯಾಗಿ ಕಾಣುತ್ತಲೇ ಒಳಗಿನಿಂದ ತೆಳುವಾಗುತ್ತದೆ. ಉಕ್ಕಿನಲ್ಲಿ ಸಿಲಿಕಾನ್ ಪ್ರಮಾಣ ಶೇ. 0.10ಕ್ಕಿಂತ ಕಡಿಮೆಯಿದ್ದರೆ ಈ ಸವೆತ ಬಹಳ ವೇಗವಾಗಿ ಸಾಗುತ್ತದೆ. 1976ರಲ್ಲಿ ಕೂಡಿಸಿದ್ದ ಆ ತುಂಡಿನಲ್ಲಿ ಇದ್ದದ್ದು ಶೇ. 0.01. ಪಕ್ಕದ ತುಂಡಿಗೂ ಅದಕ್ಕೂ ಬರಿಗಣ್ಣಿಗೆ ಯಾವ ವ್ಯತ್ಯಾಸವೂ ತೋರದು.

ಸಾವಿರಾರು ಕೊಳವೆ, ಟ್ಯಾಂಕು, ಬಾಯ್ಲರುಗಳಿರುವ ಕಾರ್ಖಾನೆಯಲ್ಲಿ ಎಲ್ಲವನ್ನೂ ಒಂದೇ ಗಡುವಿಗೆ, ಒಂದೇ ಬಗೆಯಲ್ಲಿ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಅಪಾಯಾಧಾರಿತ ತಪಾಸಣೆ ಹುಟ್ಟಿದ್ದು ಈ ಅರಿವಿನಿಂದ. ಒಂದೊಂದು ಭಾಗವೂ ಕೆಡುವ ಸಂಭವ ಎಷ್ಟು, ಕೆಟ್ಟರೆ ಆಗುವ ಹಾನಿ ಎಷ್ಟು ಎಂದು ಅಂದಾಜಿಸಿ ಎರಡನ್ನೂ ಗುಣಿಸಿದರೆ ಅಪಾಯದ ಅಳತೆ ಸಿಗುತ್ತದೆ. ತಣ್ಣೀರಿನ ಕೊಳವೆ ವರ್ಷಕ್ಕೆರಡು ಸಲ ತೂತಾದರೆ ನೆಲ ಒದ್ದೆಯಾದೀತು. ಬಿಸಿ ಎಣ್ಣೆಯ ಕೊಳವೆ ನಲವತ್ತು ವರ್ಷಕ್ಕೊಮ್ಮೆ ಸೀಳಿದರೂ ಊರಿಗೇ ಹೊಗೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ 2002ರಲ್ಲಿ ಇದಕ್ಕೊಂದು ಮಾರ್ಗಸೂಚಿಯನ್ನೇ ಪ್ರಕಟಿಸಿತು.

ಈ ವಿಧಾನವನ್ನು ತಪಾಸಣೆಯ ಖರ್ಚು ಇಳಿಸುವ ಉಪಾಯವೆಂದಷ್ಟೇ ಹೊಗಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕಡಿಮೆ ಅಪಾಯದ ಕಡೆ ಉಳಿದ ದುಡಿಮೆ ಹೆಚ್ಚು ಅಪಾಯದ ಕಡೆಗೆ ಹರಿಯಬೇಕು. ಲೋಹದ ಗುಣವನ್ನೂ ಅದನ್ನು ತಿನ್ನುವ ರಾಸಾಯನಿಕವನ್ನೂ ತಿಳಿಯದೆ ಹಾಕಿದ ಲೆಕ್ಕಕ್ಕೆ ಬೆಲೆಯಿಲ್ಲ. ತುಂಡಿನಿಂದ ತುಂಡಿಗೆ ಸಿಲಿಕಾನ್ ಬದಲಾಗುವ ಹಳೆಯ ಸಾಲಿನಲ್ಲಿ ನಾಲ್ಕು ಕಡೆ ಅಳೆದು ಉಳಿದದ್ದನ್ನು ಊಹಿಸಲು ಬರುವುದಿಲ್ಲ. ಒಂದೊಂದು ತುಂಡಿಗೂ ಗೇಜು ತಾಗಿಸಬೇಕು.

ಶೆವ್ರಾನ್‌ನ ಸ್ವಂತ ತಜ್ಞರೇ 2009ರಲ್ಲಿ ಇದನ್ನು ಬರೆದುಕೊಟ್ಟಿದ್ದರು. 2011ರ ದುರಸ್ತಿಗೆಂದು ಘಟಕ ನಿಂತಿದ್ದಾಗಲೂ ಆ ತುಂಡನ್ನು ಯಾರೂ ಅಳೆಯಲಿಲ್ಲ. ಬೆಂಕಿ ಆರಿದ ಮೇಲೆ ತನಿಖೆಯವರು ನೋಡಿದಾಗ, ಸೀಳಿನ ಬಳಿ ಗೋಡೆಯ ಶೇ. 90ರಷ್ಟು ಸವೆದುಹೋಗಿತ್ತು.