ಮೇಜಿನ ಮೇಲಿನ ಕೆಂಡ ಬೇಯಿಸುವುದಕ್ಕಲ್ಲ

ಬಾರ್ಬೆಕ್ಯೂ ಹೋಟೆಲಿನಲ್ಲಿ ಕೆಲಸ ಮಾಡುವ ನಾವು ಮೇಜಿನ ನಡುವೆ ಕೆಂಡದ ತೊಟ್ಟಿ ಇಟ್ಟು, ಅದರ ಮೇಲೆ ಮಾಂಸ, ಪನೀರ್ ಚುಚ್ಚಿದ ಕಂಬಿಗಳನ್ನು ಸಾಲಾಗಿ ಜೋಡಿಸಿ ಹೋಗುತ್ತೇವಲ್ಲ, ಅಲ್ಲಿ ಏನೂ ಬೇಯುವುದಿಲ್ಲ. ಊಟಕ್ಕೆ ಬರುವ ಬಹಳ ಜನಕ್ಕೆ ಇದು ಗೊತ್ತಿಲ್ಲ. ಕೋಳಿ, ಮೀನು, ಪನೀರ್ ಎಲ್ಲವೂ ಅಡುಗೆಮನೆಯ ದೊಡ್ಡ ಸಿಗಡಿಯಲ್ಲೋ (ಇದ್ದಿಲಿನ ಒಲೆ) ತಂದೂರಿನಲ್ಲೋ ಬೆಂದೇ ಹೊರಗೆ ಬರುತ್ತವೆ. ಮೇಜಿನ ಕೆಂಡ ಇರುವುದು ಅವು ಆರದಿರಲಿ ಅಂತ, ಜೊತೆಗೆ ಸ್ವಲ್ಪ ಕಣ್ಣಿಗೂ ಹಬ್ಬವಾಗಲಿ ಅಂತ. 2006ರಲ್ಲಿ ಮುಂಬೈಯಲ್ಲಿ ಶುರುವಾದ ಬಾರ್ಬೆಕ್ಯೂ ನೇಷನ್ ಅನ್ನುವ ಹೋಟೆಲ್ ಸರಪಳಿ ಈ ಪದ್ಧತಿಯನ್ನು ದೇಶಕ್ಕೆಲ್ಲ ರೂಢಿ ಮಾಡಿಸಿತು. ಈಗ ಶಿವಮೊಗ್ಗದಲ್ಲೂ ಹುಟ್ಟುಹಬ್ಬ, ಪ್ರಮೋಷನ್ ಅಂದರೆ ಮನೆಮಂದಿಯೆಲ್ಲ ಕೆಂಡದ ಸುತ್ತ ಕೂರುವ ರೂಢಿ ಬಂದಿದೆ.

ಮೇಜಿಗೆ ಬರುವುದು ಬೆಂದದ್ದೇ ಅಂತ ಗೊತ್ತಿಲ್ಲದಿದ್ದರೆ ನಷ್ಟ ತಿನ್ನುವವರಿಗೇ. ಕಂಬಿ ಬಂದ ಮೇಲೆ ಫೋಟೊ ತೆಗೆಯುತ್ತಾರೆ, ಮಾತಾಡುತ್ತಾರೆ, ‘ಇರಲಿ, ಇನ್ನೊಂಚೂರು ಬೇಯಲಿ’ ಅಂತ ಬಿಡುತ್ತಾರೆ. ಕೋಳಿಯ ಎದೆಭಾಗದಲ್ಲಿ ಕೊಬ್ಬು ಬಹಳ ಕಡಿಮೆ. ಬೆಂದ ಮೇಲೂ ಕೆಂಡದ ಮೇಲೆ ಉಳಿದರೆ ರಸವೆಲ್ಲ ಇಂಗಿ ತೆಂಗಿನ ನಾರಿನ ಹಾಗಾಗುತ್ತದೆ. ಆಮೇಲೆ ‘ಇಲ್ಲಿ ಚಿಕನ್ ಒಣಕಲು’ ಅನ್ನುವ ಮಾತು. ಕಂಬಿ ಬಂದ ಎರಡು ಮೂರು ನಿಮಿಷದೊಳಗೆ ಪೀಸನ್ನು ತಟ್ಟೆಗೆ ಇಳಿಸಿಕೊಳ್ಳಿ. ಕಾಲಿನ ಪೀಸು ಸ್ವಲ್ಪ ತಡೆದುಕೊಳ್ಳುತ್ತದೆ, ಅಣಬೆಯೂ ಪರವಾಗಿಲ್ಲ. ಸಿಗಡಿ, ಮೀನು, ಪನೀರ್ ಒಂದು ಕ್ಷಣವೂ ಕಾಯುವುದಿಲ್ಲ. (ಸಿಗಡಿ ಅಂದರೆ ಇಲ್ಲಿ ತಿನ್ನುವ ಸಿಗಡಿ. ಅಡುಗೆಮನೆಯಲ್ಲಿ ‘ಸಿಗಡಿಗೆ ಸಿಗಡಿ ಹಾಕು’ ಅಂತ ಕೂಗುವಾಗ ಹೊಸ ಹುಡುಗರು ಮುಖ ಮುಖ ನೋಡುತ್ತಾರೆ.)

ಇದರ ಇನ್ನೊಂದು ಮಗ್ಗುಲು ಕೆಂಪಿನ ದೂರು. ‘ಮಾರಾಯ್ರೆ, ಮೂಳೆ ಹತ್ರ ಕೆಂಪಗಿದೆ, ಇದು ಬೆಂದೇ ಇಲ್ಲ’ ಅಂತ ತಟ್ಟೆ ವಾಪಸ್ಸು ಬರುತ್ತದೆ. ಈಗ ಸಿಗುವ ಬ್ರಾಯ್ಲರ್ ಕೋಳಿಗಳು ಎಳೆಯವು, ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಬೇಯುವಾಗ ಮಜ್ಜೆಯ ಬಣ್ಣ ಹೊರಗೆ ಒಸರಿ ಮೂಳೆಯ ಸುತ್ತ ಕೆಂಪಾಗುತ್ತದೆ. ಕೆಂಡದ ಹೊಗೆ ತಾಗಿದ ಮಾಂಸದ ಹೊರಪದರವೂ ಹಾಗೆಯೇ ನಸುಗೆಂಪಾಗುವುದುಂಟು. ಹಾಗಾಗಿ ಬಣ್ಣ ನೋಡಿ ತೀರ್ಮಾನಿಸುವ ಹಾಗಿಲ್ಲ. ಕಡ್ಡಿ ಥರ್ಮಾಮೀಟರನ್ನು ಪೀಸಿನ ದಪ್ಪ ಭಾಗಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಿ ನೋಡಿದಾಗ ಒಳಗಿನ ಶಾಖ 75 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಬೆಂದಿದೆ. ಅನುಮಾನ ಬಂದರೆ ‘ಥರ್ಮಾಮೀಟರ್ ಇದೆಯಾ?’ ಅಂತ ಕೇಳಿ. ಇದೆ ಅನ್ನುವ ಅಡುಗೆಮನೆಯನ್ನು ಅರ್ಧ ನಂಬಬಹುದು. ಮುರಿದಾಗ ಒಳಗಿನ ಮಾಂಸ ಹಸಿಯಾಗಿ ಜಿಗುಟಾಗಿದ್ದರೆ ಮಾತ್ರ ಯಾವ ಸಮಜಾಯಿಷಿಯನ್ನೂ ಕೇಳಬೇಡಿ, ವಾಪಸ್ ಕಳಿಸಿ.

ಮಲೆನಾಡಿನಲ್ಲಿ ಈ ಕಸುಬು ಮಾಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ತಲೆಬಿಸಿ ಅಂದರೆ ಇದ್ದಿಲು. ಇದ್ದಿಲಿನ ಮೈತುಂಬ ಸಣ್ಣ ಸಣ್ಣ ರಂಧ್ರ, ಗಾಳಿಯ ಥಂಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಗೋಣಿಚೀಲದಲ್ಲಿ ಗೋಡೆಗೆ ಒರಗಿಸಿ ಇಟ್ಟರಂತೂ ಮುಗಿಯಿತು. ಅಂಥ ಇದ್ದಿಲಿಗೆ ಬೆಂಕಿ ಹಚ್ಚಿದರೆ ಒಳಗಿನ ನೀರು ಆವಿಯಾಗಿ ಚಟಪಟ ಸಿಡಿಯುತ್ತದೆ, ಕಿಡಿ ಹಾರುತ್ತದೆ, ದಟ್ಟ ಹೊಗೆ ಬರುತ್ತದೆ. ಶಾಖದ ಒಂದು ಪಾಲು ನೀರು ಒಣಗಿಸುವುದಕ್ಕೇ ಖರ್ಚು. ಆ ಹೊಗೆ ಮಾಂಸಕ್ಕೆ ಹತ್ತಿದರೆ ಬರುವುದು ಕಮಟು ವಾಸನೆ, ಸುವಾಸನೆಯಲ್ಲ. ನಾವು ಮಳೆಗಾಲಕ್ಕೆ ಮುಂಚೆಯೇ ಮುಚ್ಚಳ ಬಿಗಿಯಿರುವ ಡ್ರಮ್ಮುಗಳಿಗೆ ತುಂಬಿಸಿ, ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲಿಡುತ್ತೇವೆ. ಆ ದಿನಕ್ಕೆ ಬೇಕಾದಷ್ಟನ್ನು ಬೆಳಿಗ್ಗೆಯೇ ತಂದೂರಿನ ಪಕ್ಕ ಬೆಚ್ಚಗೆ ಹರಡುತ್ತೇವೆ. ಜಾಲಿ ಮರದ ಇದ್ದಿಲನ್ನು ಅಡಿಗೆ ಹಾಕಿ ಮೇಲೆ ತೆಂಗಿನ ಚಿಪ್ಪಿನ ಇದ್ದಿಲು ಸೇರಿಸಿದರೆ ನನಗೆ ಕೆಲಸ ಸಲೀಸು. ಒಂದು ಬೇಗ ಹೊತ್ತುತ್ತದೆ, ಇನ್ನೊಂದು ಬಹಳ ಹೊತ್ತು ಶಾಖ ಹಿಡಿದಿಡುತ್ತದೆ. ಸೀಮೆಎಣ್ಣೆ, ಪ್ಲಾಸ್ಟಿಕ್ ಚೂರು ಹಾಕಿ ಹೊತ್ತಿಸುವವರಿದ್ದಾರೆ. ಆ ವಾಸನೆ ಯಾವ ಮಸಾಲೆಗೂ ಬಗ್ಗುವುದಿಲ್ಲ.

ಬಚ್ಚಲ ಒಲೆಯ ಬೂದಿಯಲ್ಲಿ ಹಲಸಿನ ಬೀಜ, ಗೆಣಸು ಹುಗಿದು ತಿಂದು ಬೆಳೆದವರಿಗೆ ಕೆಂಡದ ಪಾಠ ಬೇರೆ ಹೇಳಬೇಕಾಗಿಲ್ಲ. ಜ್ವಾಲೆ ಇರುವಾಗ ಯಾರೂ ಗೆಣಸು ಹುಗಿಯುವುದಿಲ್ಲ. ಇಲ್ಲಿಯೂ ಅಷ್ಟೇ: ಇದ್ದಿಲು ಹೊತ್ತಿ, ಹೊಗೆ ನಿಂತು, ಮೇಲೆ ಬೂದಿಯ ತೆಳು ಪೊರೆ ಕಟ್ಟುವವರೆಗೆ ಕಾಯಬೇಕು. ಅದಕ್ಕೆ ಅರ್ಧ ಗಂಟೆ, ಮಳೆಯಲ್ಲಿ ಇನ್ನೂ ಹೆಚ್ಚು. ಕಂಬಿ ಇಡುವ ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ಎರಡು ಮೂರು ಎಣಿಸುವಷ್ಟರಲ್ಲಿ ಕೈ ಎಳೆದುಕೊಳ್ಳುವಂತಾದರೆ ಜೋರು ಶಾಖ, ಸಣ್ಣ ತುಂಡುಗಳಿಗೆ ಸರಿ. ಐದಾರು ಎಣಿಸುವವರೆಗೆ ತಡೆಯುವಂತಿದ್ದರೆ ಮೂಳೆಯಿರುವ ದಪ್ಪ ಪೀಸಿಗೆ ಹದ. ಕೆಂಡವನ್ನು ಪೂರ್ತಿ ಹರಡದೆ ಒಂದು ಪಕ್ಕಕ್ಕೆ ಒಟ್ಟಿದರೆ, ಕೊಬ್ಬು ಸುರಿದು ಉರಿ ಎದ್ದಾಗ ಪೀಸನ್ನು ಖಾಲಿ ಬದಿಗೆ ಸರಿಸಬಹುದು. ಹಂದಿಮಾಂಸಕ್ಕೆ ಈ ಉಪಾಯ ಇಲ್ಲದೆ ಆಗುವುದೇ ಇಲ್ಲ. ಕೊಬ್ಬು ಕೆಂಡಕ್ಕೆ ಬಿದ್ದು ಏಳುವ ಮಸಿಹೊಗೆಯಲ್ಲಿ ಆರೋಗ್ಯಕ್ಕೆ ಹಾನಿ ಮಾಡುವ ರಾಸಾಯನಿಕಗಳಿರುತ್ತವೆ. ಕರಿ ಹಿಡಿದ ಅಂಚನ್ನು ‘ಅದೇ ರುಚಿ’ ಅಂತ ಅಗಿಯುವುದನ್ನು ಬಿಟ್ಟು ಕತ್ತರಿಸಿ ತೆಗೆಯಿರಿ.

ಇನ್ನು ಬಣ್ಣ. ಕಬಾಬ್ ಅಂದರೆ ಕೆಂಪಗೆ ಹೊಳೆಯಬೇಕು ಅನ್ನುವ ಅಭ್ಯಾಸವನ್ನು ನಮ್ಮ ಕಸುಬಿನವರೇ ಜನಕ್ಕೆ ಹಿಡಿಸಿದ್ದು. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಕೋಳಿ, ಮೀನು, ಸಸ್ಯಾಹಾರದ ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಕಳಿಸಿದ ಮಾದರಿಗಳಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಅನ್ನುವ ಕೃತಕ ಬಣ್ಣಗಳು ಸಿಕ್ಕಿದ್ದವು. ತಪ್ಪಿದರೆ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ, 10 ಲಕ್ಷ ರೂಪಾಯಿವರೆಗೆ ದಂಡ. ನಿಷೇಧ ಬಂದಾಗ ಗೊಣಗಿದವರಿದ್ದರು, ನನಗಂತೂ ಖುಷಿಯಾಯಿತು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಧಾರಾಳ. ಬಿಸಿನೀರಲ್ಲಿ ನೆನೆಸಿ ನುಣ್ಣಗೆ ಅರೆದು, ನೀರು ಬಸಿದ ಗಟ್ಟಿ ಮೊಸರಿಗೆ ಕಲಸಿದರೆ ಸಾಕು. ಕೆಂಡ ತಾಗಿದಾಗ ಅದು ಕಡುಗೆಂಪಿನಿಂದ ಕಂದುಬಣ್ಣಕ್ಕೆ ತಿರುಗುತ್ತದೆ. ಬೆಂದ ಮೇಲೂ ಕುಂಕುಮದ ಹಾಗೆ ಇದ್ದರೆ ಅನುಮಾನಪಡಿ, ತಿಂದ ಬೆರಳು ತೊಳೆದರೂ ಬಣ್ಣ ಬಿಡದಿದ್ದರೆ ಇನ್ನೂ ಹೆಚ್ಚು.

ನಮ್ಮ ಕಡೆಯ ಸಾಮಾನುಗಳು ಕೆಂಡಕ್ಕೆ ಒಗ್ಗುತ್ತವೆ, ಆದರೆ ಹೊತ್ತು ನೋಡಿ ಹಾಕಬೇಕು. ಕಾಳುಮೆಣಸಿನ ಪುಡಿ ನೇರ ಶಾಖಕ್ಕೆ ಸುಟ್ಟು ಕಹಿಯಾಗುತ್ತದೆ, ಹಾಗಾಗಿ ಇಳಿಸಿದ ಮೇಲೆ ಉದುರಿಸುವುದು. ಜೀರಿಗೆ ಮೆಣಸಿನಕಾಯನ್ನು ಮಸಾಲೆಯಲ್ಲೇ ಅರೆಯಬಹುದು, ಕೈ ಬಿಗಿಹಿಡಿದು. ಉಪ್ಪಾಗೆ (ಮಲೆನಾಡಿನ ಕಾಡಿನ ಹುಳಿಹಣ್ಣು) ಹುಳಿ ಹಂದಿಗೆ ಚೆನ್ನ, ಮೀನಿಗೂ ಚೆನ್ನ, ಆದರೆ ಬಹಳ ಹೊತ್ತು ನೆನೆಸಿಟ್ಟರೆ ಮಾಂಸದ ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ. ಪರಂಗಿಕಾಯಿ, ಅನಾನಸ್ ರಸವೂ ಹಾಗೇ. ಅವುಗಳಲ್ಲಿರುವ ಕಿಣ್ವ ಮಾಂಸದ ಎಳೆಗಳನ್ನೇ ಬಿಡಿಸುತ್ತದೆ, ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಕಂಬಿಗೆ ನಿಲ್ಲುವುದಿಲ್ಲ. ಮೀನಿನ ಬಗ್ಗೆ ಒಂದೇ ಮಾತು: ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ‘ತಾಜಾ ಬಂಗುಡೆ’ ಅಂತ ಯಾರಾದರೂ ಹೇಳಿದರೆ ಎಲ್ಲಿಂದ ಬಂತು ಅಂತ ಕೇಳಿ.

ತಿನ್ನುವ ರೀತಿಯ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಒಂದು ರೇಟು ಕೊಟ್ಟು ಎಷ್ಟು ಬೇಕಾದರೂ ತಿನ್ನಬಹುದು ಅಂದ ಕೂಡಲೇ ದುಡ್ಡು ವಸೂಲಿ ಲೆಕ್ಕ ಶುರುವಾಗುತ್ತದೆ. ಮೊದಲ ಸುತ್ತಿನಲ್ಲಿ ಬರುವ ಆಲೂಗಡ್ಡೆ, ಜೋಳದ ಕರಿದ ತಿಂಡಿಗೆ ಹೊಟ್ಟೆ ತುಂಬಿಸಿಕೊಂಡು, ಒಳ್ಳೆಯ ಪೀಸು ಬರುವ ಹೊತ್ತಿಗೆ ‘ಸಾಕಪ್ಪ’ ಅನ್ನುತ್ತಾರೆ. ಹೋಟೆಲಿನವರಿಗೆ ಇದು ಗೊತ್ತಿಲ್ಲ ಅಂದುಕೊಳ್ಳಬೇಡಿ. ಮೇಜಿನ ಮೇಲೆ ಪುಟ್ಟ ಬಾವುಟ ಇದ್ದರೆ (ಅದು ನಿಂತಿರುವವರೆಗೆ ಕಂಬಿ ಬರುತ್ತಲೇ ಇರುತ್ತದೆ) ಅದನ್ನು ಇಳಿಸಿ, ಹುಡುಗನನ್ನು ಕರೆದು ನಿಮಗೆ ಬೇಕಾದ್ದನ್ನಷ್ಟೇ ಹೇಳಿ, ಒಂದೊಂದೇ ತರಿಸಿಕೊಳ್ಳಿ. ಸಸ್ಯಾಹಾರಿಗಳು ಜೊತೆಗಿದ್ದರೆ ಬೇರೆ ತೊಟ್ಟಿ, ಬೇರೆ ಇಕ್ಕಳ, ಬೇರೆ ಬ್ರಷ್ ಕೇಳುವುದಕ್ಕೆ ಸಂಕೋಚ ಬೇಡ. ಅನಾನಸ್ ಮಾತ್ರ ಮೇಜಿನ ಕೆಂಡದ ಮೇಲೆ ಆರಾಮಾಗಿ ಇರಲಿ. ಸಕ್ಕರೆ ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗುವವರೆಗೆ ಬಿಟ್ಟು, ಉಪ್ಪು ಖಾರ ಉದುರಿಸಿ. ಸೊರಬ, ಬನವಾಸಿ ಕಡೆಯ ಹಣ್ಣಾದರೆ ಜೇನು ಸವರುವ ಅಗತ್ಯವೇ ಇಲ್ಲ.

ಹೊಸನಗರ, ತೀರ್ಥಹಳ್ಳಿ ಕಡೆಯ ಹೋಮ್‌ಸ್ಟೇಗಳಲ್ಲಿ ಈಗ ಅಂಗಳದ ಬಾರ್ಬೆಕ್ಯೂ ಇಲ್ಲದೆ ಬುಕಿಂಗೇ ಇಲ್ಲ ಅನ್ನುವಂತಾಗಿದೆ. ಅಲ್ಲಿಂದ ಬರುವ ಪ್ರಶ್ನೆ ಒಂದೇ: ಮಳೆ ಬಂದರೆ ಕೆಂಡದ ತೊಟ್ಟಿಯನ್ನು ಕೋಣೆಯೊಳಗೆ ತರಬಹುದಾ? ಕೂಡದು. ಹೊಗೆ ನಿಂತ ಕೆಂಡವೂ ಕಾರ್ಬನ್ ಮೋನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿ ಮಲಗಿದವರು ಏಳದೇ ಹೋಗಬಹುದು. ಚಳಿಗೆ ಅಂತ ಉಳಿದ ಕೆಂಡವನ್ನು ಮಂಚದ ಪಕ್ಕ ಇಡುವುದೂ ಅಷ್ಟೇ ಅಪಾಯ. ನಾಲ್ಕೂ ಕಡೆ ಗಾಳಿಯಾಡುವ ಚಪ್ಪರದಡಿ ಇಡಿ. ಕೆಲಸ ಮುಗಿದ ಮೇಲೆ ಕೆಂಡವನ್ನು ಮುಚ್ಚಳವಿರುವ ಕಬ್ಬಿಣದ ಬಕೀಟಿಗೆ ತೋಡಿ, ಬಿಗಿಯಾಗಿ ಮುಚ್ಚಿ, ಅಂಗಳದಲ್ಲೇ ಬಿಡಿ. ಗಾಳಿ ಸಿಗದೆ ತಾನೇ ನಂದುತ್ತದೆ, ಉಳಿದ ಇದ್ದಿಲು ಮಾರನೆಯ ದಿನ ಹೊತ್ತಿಸುವುದಕ್ಕೆ ಬರುತ್ತದೆ.