ತೀರಿಹೋದ ಅಪ್ಪ ಎಲ್ಲಿ ಅಂತ ಅಮ್ಮ ಕೇಳ್ತಾರೆ, ಪ್ರತಿ ಸಲ ನಿಜ ಹೇಳಬೇಕಾ?

ಪ್ರಶ್ನೆ: ಅಮ್ಮನಿಗೆ ಮರೆವಿನ ಕಾಯಿಲೆ, ಡಿಮೆನ್ಷಿಯಾ. ಅಪ್ಪ ಹೋಗಿ 6 ವರ್ಷವಾಯಿತು. ಸಂಜೆಯಾದರೆ "ಅವರು ಇನ್ನೂ ಯಾಕೆ ಬರಲಿಲ್ಲ?" ಅಂತ ಬಾಗಿಲ ಕಡೆ ನೋಡುತ್ತಾ ಕೂರುತ್ತಾರೆ. ನಿಜ ಹೇಳಿದರೆ ಅಳುತ್ತಾರೆ. ಹೇಳದಿದ್ದರೆ ಹೆತ್ತ ತಾಯಿಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಏನು ಮಾಡಲಿ?

ಉತ್ತರ: ಪ್ರತಿ ಸಲ ಹೇಳಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಶ್ನೆ ಕೇಳುವವರು ಎಷ್ಟೋ ದಿನದಿಂದ ಒಳಗೊಳಗೇ ಬೆಂದಿರುತ್ತಾರೆ.

ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಪುಟ್ಟ ಭಾಗವಿದೆ. ಹೊಸದಾಗಿ ಕೇಳಿದ್ದು, ಕಂಡದ್ದು ನೆನಪಾಗಿ ನಿಲ್ಲಲು ಅದು ಬೇಕು. ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಅಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬಹಳ ಬೇಗ ಪೆಟ್ಟು ಬೀಳುವುದು ಅಲ್ಲಿಗೇ. ಅದಕ್ಕೇ ಹಳೆಯ ಸಂಸಾರವೆಲ್ಲ ಅಮ್ಮನಿಗೆ ನೆನಪಿದೆ, ಈಚಿನ ಸಾವು ನೆನಪಿಲ್ಲ. ನೀವು ಹೇಳಿದಾಗಲೆಲ್ಲ ಅವರಿಗೆ ಅದು ಮೊದಲ ಸಲ ಕೇಳಿದ ಸುದ್ದಿ.

"ಹೇಗೂ ಮರೆತುಬಿಡ್ತಾರಲ್ವಾ" ಅನ್ನುವವರಿದ್ದಾರೆ. ಸುದ್ದಿ ಮರೆಯುತ್ತದೆ, ಸಂಕಟ ಉಳಿಯುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಝೈಮರ್ ಇರುವವರಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ಸ್ವಲ್ಪ ಹೊತ್ತಿಗೇ ಅವರಿಗೆ ನೋಡಿದ್ದು ಹೆಚ್ಚೇನೂ ನೆನಪಿರಲಿಲ್ಲ, ಆದರೆ ದುಃಖ ಇಳಿದಿರಲಿಲ್ಲ. ಖುಷಿಯ ತುಣುಕುಗಳನ್ನು ತೋರಿಸಿದಾಗಲೂ ಹಾಗೆಯೇ, ನೆನಪಿಗಿಂತ ಹೆಚ್ಚು ಹೊತ್ತು ಖುಷಿ ಉಳಿದಿತ್ತು. ಅಮ್ಮನಿಗೆ ಆ ಖುಷಿ ಕೊಡುವುದು ನಿಮ್ಮ ಕೈಲಿದೆ.

ನಮ್ಮ ಅತ್ತೆಯವರ ಜೊತೆ ನಾನೂ ಮೊದಮೊದಲು ವಾದಕ್ಕೆ ಇಳಿಯುತ್ತಿದ್ದೆ. ಆಮೇಲೆ "ಮಾವ ನೆನಪಾದ್ರಾ? ಬಂದ ತಕ್ಷಣ ಏನು ಕೇಳ್ತಿದ್ರು?" ಅಂತ ಕೇಳುವುದನ್ನು ಕಲಿತೆ. ಅವರು ಹೇಳುತ್ತಾ ಹೋಗುತ್ತಿದ್ದರು, ಮುಖ ಸಡಿಲವಾಗುತ್ತಿತ್ತು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. "ಈಗ ಬರ್ತಾರೆ" ಅಂತ ಮಾತ್ರ ಹೇಳಬೇಡಿ. ಕಾಯುವುದು ಇನ್ನೂ ಜಾಸ್ತಿಯಾಗುತ್ತದೆ.

ಕಾಯಿಲೆಯ ಶುರುವಿನಲ್ಲಿದ್ದು, "ಅವರು ಹೋಗಿಬಿಟ್ರಾ?" ಅಂತ ನೇರವಾಗಿ ಕೇಳಿದರೆ ಮಾತ್ರ ತಪ್ಪಿಸಿಕೊಳ್ಳಬೇಡಿ. ಪಕ್ಕದಲ್ಲಿ ಕೂತು, ಕೈ ಹಿಡಿದು, ಹೌದು ಅನ್ನಿ.

ಸಂಜೆ ಗಲಿಬಿಲಿ ಹೆಚ್ಚಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಕತ್ತಲಾಗುವ ಮೊದಲೇ ದೀಪ ಹಾಕಿ, ಟಿವಿ ಸದ್ದು ತಗ್ಗಿಸಿ. ಹಸಿವು, ನೋವು, ಬಚ್ಚಲಿಗೆ ಹೋಗುವ ಅವಸರ, ಇವೂ ಕೆಲವೊಮ್ಮೆ ಅಪ್ಪನ ಹೆಸರಿನಲ್ಲೇ ಹೊರಬರುತ್ತವೆ. ಒಂದೆರಡು ದಿನದಲ್ಲೇ ಗೊಂದಲ ದಿಢೀರನೆ ಏರಿದರೆ ಡಿಮೆನ್ಷಿಯಾ ಅಂತ ಸುಮ್ನೆ ಇರಬೇಡಿ. ಮೂತ್ರದ ಸೋಂಕೋ ಹೊಸ ಮಾತ್ರೆಯೋ ಕಾರಣವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನು ನಿಮ್ಮ ವಿಷಯ. ಹೋದವರು ನಿಮಗೂ ಅಪ್ಪ. ದಿನಾ ಸಂಜೆ ಆ ಗಾಯ ಕೆದಕಿದಂತೆ ಆಗುತ್ತದೆ. ಜೊತೆಗೆ, ಎದುರಿಗೇ ಕೂತಿರುವ ಅಮ್ಮ ಸ್ವಲ್ಪಸ್ವಲ್ಪವೇ ಇಲ್ಲವಾಗುತ್ತಿರುವ ದುಃಖ. ಒಂದು ದಿನ ಗದರಿದ್ದೀರಾ? ಎದ್ದು ಐದು ನಿಮಿಷ ಆಚೆ ಹೋಗಿ ಬನ್ನಿ, ಆಮೇಲೆ ಅವರ ಪಕ್ಕ ಕೂರಿ. ಒಡಹುಟ್ಟಿದವರಿದ್ದರೆ ಅಮ್ಮನಿಗೆ ಎಲ್ಲರೂ ಒಂದೇ ಉತ್ತರ ಕೊಡುವಂತೆ ಮಾತಾಡಿಕೊಳ್ಳಿ. ವಾರದಲ್ಲಿ ಎರಡು ದಿನವಾದರೂ ಆ ಸಂಜೆಯ ಹೊತ್ತಿಗೆ ಅವರೇ ಬಂದು ಕೂರಲಿ. "ಏನಾದ್ರೂ ಬೇಕಿದ್ರೆ ಹೇಳು" ಅಂದವರಿಗೆ ಇದನ್ನೇ ಕೇಳಿ.